ದುಡ್ಡು ಕೊಟ್ಟು ಜ್ವರ ಬರಿಸಿದ್ದು ಸರಿಯೇ?

1900ರಲ್ಲಿ ಕ್ಯೂಬಾದ ಹವಾನಾ ಬಳಿ, ಅಮೆರಿಕದ ಸೇನಾ ವೈದ್ಯ ವಾಲ್ಟರ್ ರೀಡ್ ಅವರ ತಂಡ ಹಳದಿ ಜ್ವರ ಹೇಗೆ ಹರಡುತ್ತದೆಂದು ತಿಳಿಯಲು ಜನರಿಗೆ ಬೇಕೆಂದೇ ಸೊಳ್ಳೆ ಕಚ್ಚಿಸಿತು.

ಪರ

ಬೇರೆ ದಾರಿ ಏನಿತ್ತು? ಪ್ರಾಣಿಗಳ ಮೇಲೆ ನೋಡೋಣವೆಂದರೆ, ಕೋತಿಗಳಿಗೆ ಈ ಜ್ವರ ಬರುತ್ತದೆಂದು ಗೊತ್ತಾಗಿದ್ದೇ 1927ರಲ್ಲಿ. ಸೊಳ್ಳೆಯೇ ಕಾರಣ ಎಂದು ಕ್ಯೂಬಾದ ಕಾರ್ಲೋಸ್ ಫಿನ್ಲೇ 1881ರಲ್ಲೇ ಹೇಳಿದ್ದರು. ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ರೋಗಿಯ ಬಟ್ಟೆ, ಹಾಸಿಗೆಯಿಂದ ಅಂಟುತ್ತದೆ ಅನ್ನುವ ನಂಬಿಕೆಯೇ ಬಲವಾಗಿತ್ತು.

ರೀಡ್ ಅದನ್ನೇ ಪರೀಕ್ಷೆಗೆ ಇಟ್ಟರು. ಒಂದು ಮನೆಯೊಳಗೆ ರೋಗಿಗಳ ವಾಂತಿ, ಮಲ ಮೆತ್ತಿದ ಹಾಸಿಗೆ. ಅದರಲ್ಲೇ ಮೂವರು 20 ರಾತ್ರಿ ಮಲಗಿದರು. ಅವರ ಗಟ್ಟಿತನಕ್ಕೆ ಕೈಮುಗಿಯಬೇಕು! ಒಬ್ಬರಿಗೂ ಜ್ವರ ಬರಲಿಲ್ಲ. ಇನ್ನೊಂದು ಮನೆ ಪೂರ್ತಿ ಸ್ವಚ್ಛ, ನಡುವೆ ತಂತಿ ಬಲೆ. ಸೊಳ್ಳೆ ಬಿಟ್ಟ ಬದಿಯಲ್ಲಿದ್ದ, ತಾವಾಗಿಯೇ ಮುಂದೆ ಬಂದಿದ್ದ ಜಾನ್ ಮೊರಾನ್ ಜ್ವರ ಹಿಡಿದು ಮಲಗಿದರು. ಬಲೆಯ ಆಚೆ ಇದ್ದವರು ಆರಾಮಾಗಿದ್ದರು. ಇದಕ್ಕಿಂತ ನೇರ ಪುರಾವೆ ಬೇಕಾ?

ಇದನ್ನು ನಂಬಿ ಅಮೆರಿಕದ ಇನ್ನೊಬ್ಬ ಸೇನಾ ವೈದ್ಯ ವಿಲಿಯಂ ಗೋರ್ಗಸ್ ಹವಾನಾದಲ್ಲಿ ನೀರಿನ ತೊಟ್ಟಿ ಮುಚ್ಚಿಸಿದರು, ನಿಂತ ನೀರಿಗೆ ಎಣ್ಣೆ ಬಿಡಿಸಿದರು. 1901 ಮುಗಿಯುವಷ್ಟರಲ್ಲಿ ಊರಿಂದ ಜ್ವರ ಹೋಯಿತು. (ನಮ್ಮಲ್ಲಿ ಡೆಂಗಿ ಹರಡುವುದೂ ಇದೇ ಜಾತಿಯ ಸೊಳ್ಳೆ.)

ವಿರೋಧ

ಸೊಳ್ಳೆ ಕಚ್ಚಿಸಿಕೊಂಡವರಿಂದ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರು, ಸರಿ. ಆ ಕಾಗದದಲ್ಲಿ ಇದ್ದದ್ದೇನು? ಈ ದ್ವೀಪದಲ್ಲಿದ್ದರೆ ಜ್ವರ ತಪ್ಪಿದ್ದಲ್ಲ, ಹಾಗಾಗಿ ಒಳ್ಳೆ ಚಿಕಿತ್ಸೆ ಸಿಗುವ ಕಡೆಯೇ ಬರಿಸಿಕೊಳ್ಳುತ್ತೇನೆ ಅಂತ. ಇದು ಒಪ್ಪಿಗೆ ಕೇಳುವ ರೀತಿಯಲ್ಲ, ಹೆದರಿಸುವ ರೀತಿ. ಸ್ಪೇನಿನಿಂದ ಬಂದಿಳಿದ ಬಡವರಿಗೆ 100 ಡಾಲರ್ ಚಿನ್ನದಲ್ಲಿ, ಜ್ವರ ಬಂದರೆ ಇನ್ನೂ 100. ನಡುವೆ ಪ್ರಯೋಗದ ಶಿಬಿರ ಬಿಟ್ಟರೆ ದುಡ್ಡಿಲ್ಲ. ಮೊರಾನ್ ದುಡ್ಡು ಬೇಡ ಅಂದರು, ನಿಜ. ಹಾಗನ್ನುವ ಸ್ಥಿತಿ ಎಲ್ಲರಿಗೂ ಇರಲಿಲ್ಲ.

ಆ ಶಿಬಿರದಲ್ಲಿ ಯಾರೂ ಸಾಯಲಿಲ್ಲ ಅನ್ನುತ್ತಾರೆ. ಅದು ಅದೃಷ್ಟ. ತಂಡದವರೇ ಆದ ಜೆಸ್ಸಿ ಲೇಜಿಯರ್ ಅದಕ್ಕೂ ಮುಂಚೆ, ಸೆಪ್ಟೆಂಬರ್‌ನಲ್ಲಿ, ಇದೇ ಜ್ವರಕ್ಕೆ ತೀರಿಕೊಂಡಿದ್ದರು. ಶಿಬಿರಕ್ಕೆ ಅವರ ಹೆಸರನ್ನೇ ಇಟ್ಟರು. ಜೀವ ಹೋಗಬಹುದು ಅಂತ ತಂಡಕ್ಕೆ ಚೆನ್ನಾಗಿಯೇ ಗೊತ್ತಿತ್ತು.

ನನಗೆ ಜಾಸ್ತಿ ಚುಚ್ಚುವುದು ಆಮೇಲಿನ ಕತೆ. ಸೊಳ್ಳೆಯೇ ಕಾರಣ ಎಂದು ಖಚಿತವಾದ ಮೇಲೂ, 1901ರಲ್ಲಿ ಹವಾನಾದ ವೈದ್ಯ ಹುವಾನ್ ಗಿಟೆರಾಸ್ ಜನರಿಗೆ ಸೊಳ್ಳೆ ಕಚ್ಚಿಸುತ್ತಲೇ ಇದ್ದರು. ಸಣ್ಣದಾಗಿ ಜ್ವರ ಬರಿಸಿದರೆ ಮುಂದೆ ರಕ್ಷಣೆ ಸಿಗಬಹುದು ಅನ್ನುವ ಲೆಕ್ಕ. ನರ್ಸ್ ಕ್ಲಾರಾ ಮಾಸ್ 100 ಡಾಲರ್‌ಗೆ ಒಪ್ಪಿದರು. ಆಗಸ್ಟ್ 24ರಂದು ತೀರಿಕೊಂಡರು, 25 ವರ್ಷಕ್ಕೆ. ಅಷ್ಟರಲ್ಲಿ ಗೋರ್ಗಸ್ ಅದೇ ಊರಲ್ಲಿ ಸೊಳ್ಳೆಗಳನ್ನೇ ಇಲ್ಲವಾಗಿಸುತ್ತಿದ್ದರು. ಕಾಯಬಹುದಿತ್ತು ಅಲ್ವಾ?