ಸಿಡುಕೇ ಬೇರೆ, ಹಠವೇ ಬೇರೆ

ಮಕ್ಕಳನ್ನ ಬಿಗಿಯಾಗಿಟ್ಟರೆ ಆಪೋಸಿಷನಲ್ ಡಿಫೈಯಂಟ್ ಡಿಸಾರ್ಡರ್ (ಸದಾ ಸಿಡುಕೋ, ದೊಡ್ಡವರಿಗೆ ಎದುರು ನಿಲ್ಲೋ ವರ್ತನೆಯ ತೊಂದರೆ) ತಾನಾಗೇ ಸರಿಹೋಗುತ್ತೆ ಅನ್ನೋ ಲೇಖನವೊಂದರ ಮಾತು ಒಪ್ಪಲಾರೆ. ದಾವಣಗೆರೆಯಲ್ಲಿ ಮೂರನೇ ಕ್ಲಾಸಿಗೆ ಪಾಠ ಮಾಡ್ತೀನಿ. ಪೆನ್ಸಿಲ್ ಮೊನೆ ಮುರಿದರೆ ಸಾಕು, ಕಂಪಾಸ್ ಬಾಕ್ಸನ್ನೇ ಎಸೆದು ಬಿಕ್ಕಿ ಬಿಕ್ಕಿ ಅಳೋ ಮಗು ಒಂದು ಕಡೆ, "ಬರೆಯಲ್ಲ, ಏನ್ ಮಾಡ್ತೀರಿ?" ಅಂತ ಕಣ್ಣಲ್ಲಿ ಕಣ್ಣಿಟ್ಟು ನಿಲ್ಲೋ ಮಗು ಇನ್ನೊಂದು ಕಡೆ. ಇಬ್ಬರಿಗೂ ಒಂದೇ ಮದ್ದೇ?

ಮಾನಸಿಕ ಕಾಯಿಲೆಗಳನ್ನ ಗುರುತಿಸೋಕೆ ವೈದ್ಯರು ಬಳಸೋ ಕೈಪಿಡಿ, 2013ರ ಡಿಎಸ್‌ಎಂ-5, ಈ ಡಿಸಾರ್ಡರ್‌ನ 8 ಲಕ್ಷಣಗಳನ್ನ ಮೂರು ಗುಂಪು ಮಾಡಿದೆ: ಸಿಡುಕು, ಎದುರಾಟ, ಸೇಡು. ಇವು ಒಂದಕ್ಕೊಂದು ಹೆಣೆದುಕೊಂಡೇ ಇರ್ತವೆ, ನಿಜ. ಆದರೆ ಸಿಡುಕು ಜಾಸ್ತಿ ಇರೋ ಮಕ್ಕಳಿಗೆ ಮುಂದೆ ಖಿನ್ನತೆ, ಆತಂಕ ಕಾಡೋ ಸಂಭವವೂ ಜಾಸ್ತಿ. ಅಂಥವರಿಗೆ ದಯವಿಟ್ಟು ಬೆತ್ತ ತೋರಿಸಬೇಡಿ. 6 ತಿಂಗಳು ಬಿಡದೆ ಹೀಗೇ ನಡೆದರೆ ಮಕ್ಕಳ ಮನೋವೈದ್ಯರ ಹತ್ತಿರ ಕರ್ಕೊಂಡು ಹೋಗಿ. ಬರೀ ಅಣ್ಣ-ತಮ್ಮಂದಿರ ಕಿತ್ತಾಟ ಈ ಲೆಕ್ಕಕ್ಕೆ ಬರೋದಿಲ್ಲ.