ಎಲ್ಲ ನಮ್ಮೋರೇ, ಆದರೂ ಲಾಗ್‌ಔಟ್ ಆಗಿ

ಈ ಸಲ ಊರಿಗೆ ಬಂದಾಗ ಅಡಿಕೆ ತೋಟದ ಪಹಣಿ ಬೇಕಾಗಿತ್ತು. ಶಿವಮೊಗ್ಗದ ಒಂದು ಜೆರಾಕ್ಸ್ ಅಂಗಡಿಗೆ ಹೋದೆ. ಹುಡುಗ ಬ್ರೌಸರ್ ತೆರೆದ. ಯಾರದ್ದೋ ಮೇಲ್ ಹಾಗೇ ತೆರೆದಿತ್ತು. ಡೌನ್‌ಲೋಡ್ಸ್ ಫೋಲ್ಡರ್ ತುಂಬ ಆಧಾರ್, ಪಾನ್, ಪಿಯುಸಿ ಅಂಕಪಟ್ಟಿ, ಯಾರದ್ದೋ ಸ್ಕ್ಯಾನಿಂಗ್ ರಿಪೋರ್ಟ್. ಅಳಿಸಲ್ವಾ ಅಂತ ಕೇಳಿದೆ. "ಮತ್ತೆ ಬೇಕು ಅಂತ ಅವರೇ ಬರ್ತಾರಣ್ಣ. ಎಲ್ಲ ನಮ್ಮೋರೇ ಅಲ್ವಾ" ಅಂದ.

ಆ ಮಾತು ಇನ್ನೂ ಚುಚ್ಚುತ್ತಿದೆ. ನಮ್ಮೋರು ಅನ್ನೋದು ಮನುಷ್ಯರಿಗೆ ಸರಿ. ಆ ಕಂಪ್ಯೂಟರಿನ ಮುಂದೆ ನಾಳೆ ಯಾರು ಕೂರುತ್ತಾರೋ ಯಾರಿಗೆ ಗೊತ್ತು? ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆ, ನಿಜ. ಆದರೆ ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ. ನಮ್ಮೂರಲ್ಲಿ ಅವೆರಡನ್ನೂ ಯಾರು ಬೇಕಾದರೂ ಹೇಳುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ. ಅದನ್ನು ಕೇಳಿ ತೆಗೆಸುವವರನ್ನು ನಾನಂತೂ ನೋಡಿಲ್ಲ.

ನಾನಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಅಲ್ಲಿನವರಿಗೆ ಈ ವಿಷಯದಲ್ಲಿ ಬಿಗಿ ಜಾಸ್ತಿ. 2010ರಲ್ಲಿ ಬೀದಿ, ಮನೆಗಳ ಫೋಟೊ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂ ಬಂದಾಗ ಎರಡು ಲಕ್ಷಕ್ಕೂ ಹೆಚ್ಚು ಮನೆಯವರು ನಮ್ಮ ಮನೆ ಮಸುಕು ಮಾಡಿ ಅಂತ ಬರೆದುಕೊಟ್ಟಿದ್ದರು. ನನ್ನ ಕೆಲಸ ಪೂರ್ತಿ ಬ್ರೌಸರಿನಲ್ಲೇ: ಮೇಲ್, ಲೆಕ್ಕ, ಮೀಟಿಂಗ್, ಎಲ್ಲವೂ. ಪಕ್ಕದಲ್ಲಿ ಕೂರುವ ಸಹೋದ್ಯೋಗಿ ಬ್ರೌಸರಿನಲ್ಲಿ ಆಫೀಸಿಗೆ ಒಂದು ಪ್ರೊಫೈಲ್ (ಬೇರೆಯದೇ ಖಾನೆ ಇದ್ದ ಹಾಗೆ), ಬ್ಯಾಂಕಿಗೆ ಒಂದು, ಓದೋದಕ್ಕೆ ಇನ್ನೊಂದು ಇಟ್ಟುಕೊಂಡಿದ್ದಾಳೆ. ಒಂದರ ಕುಕೀ, ಅಂದರೆ ನಮ್ಮನ್ನು ಗುರುತು ಹಿಡಿಯಲು ಸೈಟುಗಳು ಬ್ರೌಸರಿನಲ್ಲಿ ಬಿಡುವ ಚಿಕ್ಕ ಮಾಹಿತಿ, ಇನ್ನೊಂದಕ್ಕೆ ಸಿಗುವುದಿಲ್ಲ. ನೀರು ತರಲು ಎದ್ದರೂ ಸ್ಕ್ರೀನ್ ಲಾಕ್ ಮಾಡುತ್ತಾಳೆ. ಈಗ ನನಗೂ ಅದೇ ರೂಢಿ.

ತೀರ್ಥಹಳ್ಳಿಯ ಭಾವನಿಗೆ ಇದನ್ನೆಲ್ಲ ಹೇಳಿದೆ. "ಇನ್‌ಕಾಗ್ನಿಟೊದಲ್ಲಿ ತೆರೆದ್ರೆ ಆಯ್ತಲ್ಲ ಮಾರಾಯ" ಅಂದರು. ಆಗಲ್ಲ. ಇನ್‌ಕಾಗ್ನಿಟೊ ಅಂದರೆ ಬ್ರೌಸರಿನ ಖಾಸಗಿ ಕಿಟಕಿ. ಅದನ್ನು ಮುಚ್ಚಿದಾಗ ಹಿಸ್ಟರಿ, ಕುಕೀ ಹೋಗುತ್ತವೆ, ಅಷ್ಟೇ. ಇಳಿಸಿಕೊಂಡ ಫೈಲ್ ಅಲ್ಲೇ ಉಳಿಯುತ್ತದೆ. ಯಾವ ಸೈಟಿಗೆ ಹೋದಿರಿ ಅನ್ನೋದು ಇಂಟರ್‌ನೆಟ್ ಕೊಡುವವರಿಗೆ ಕಾಣುತ್ತಲೇ ಇರುತ್ತದೆ.

ಬೇಸರ ಯಾಕೆಂದರೆ, ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರಲ್ಲ, ಆ ಕೇಸ್ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ನಾಡಿನವರೇ ಹೀಗೆ ಕೈಬಿಟ್ಟರೆ ಹೇಗೆ?

ಮ್ಯೂನಿಕ್‌ನವರೂ ಪೂರಾ ಶಿಸ್ತಿನವರೇನಲ್ಲ. ಕುಕೀಗೆ ಒಪ್ಪಿಗೆ ಕೇಳಿದರೆ ಓದದೇ ಒತ್ತಿಬಿಡುವವರು ನಮ್ಮ ಆಫೀಸಿನಲ್ಲೇ ಇದ್ದಾರೆ. ಇನ್ನೊಂದು ಮಾತನ್ನೂ ಒಪ್ಪಲೇಬೇಕು. ನಮ್ಮಜ್ಜಿಯ ಪಿಂಚಣಿ ಅರ್ಜಿಯನ್ನು ಪಕ್ಕದ ಮನೆ ಹುಡುಗ ತನ್ನ ಲ್ಯಾಪ್‌ಟಾಪಿನಲ್ಲಿ ತುಂಬಿಕೊಟ್ಟ. ಒಟಿಪಿ ಬರುವ ತನಕ ಜಗಲಿಯಲ್ಲಿ ಕೂತಿದ್ದ, ಒಂದು ರೂಪಾಯಿ ಮುಟ್ಟಲಿಲ್ಲ. ಮ್ಯೂನಿಕ್‌ನಲ್ಲಿ ನಾನು ತೆರಿಗೆ ಲೆಕ್ಕಕ್ಕೆ ತಿಣುಕಾಡುವಾಗ ಹಾಗೆ ಬಂದು ಕೂತವರು ಯಾರೂ ಇಲ್ಲ. ಆ ಹುಡುಗ ಏಳುವಾಗ ಅಜ್ಜಿಯ ಖಾತೆಯಿಂದ ಲಾಗ್‌ಔಟ್ ಆಗಿ ಎದ್ದರೆ ನನಗೆ ಅಷ್ಟೇ ಸಾಕು.