ಮೇಜಿನಷ್ಟು ದೂರ ನಿಂತು ನೋಡಿ

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಪುಟ್ಟ ಸೈನಿಕ ಗೊಂಬೆ ಅಂದರೆ ಮಕ್ಕಳಾಟ ಅಲ್ಲ, ಊರಿನ ಕಸುಬು. ವಾರ್‌ಹ್ಯಾಮರ್ ಅನ್ನುವ ಯುದ್ಧದಾಟ ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇರುವುದು ಇಲ್ಲೇ. ಇಂಥ ಗೊಂಬೆ ಮಾಡುವ ವಾರ್‌ಲಾರ್ಡ್ ಗೇಮ್ಸ್, ಮ್ಯಾಂಟಿಕ್, ಪೆರ್ರಿ ಸಹೋದರರು ಎಲ್ಲರೂ ಇದೇ ಸುತ್ತಮುತ್ತಲಿನವರು. ಹಿಂದೆ ಈ ಗೊಂಬೆಗಳನ್ನು ಸೀಸ ಬೆರೆತ ಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಅದಕ್ಕೇ ಈ ಭಾಗಕ್ಕೆ ‘ಲೆಡ್ ಬೆಲ್ಟ್’ ಅಂತ ಅಡ್ಡಹೆಸರು. ಇಲ್ಲಿ ನೆಲೆಸಿದ ಮೇಲೆ ನನಗೂ ಈ ಗೀಳು ಹತ್ತಿತು.

ಗೊತ್ತಿಲ್ಲದವರಿಗೆ ಒಂದು ಮಾತು. ಮೇಜಿನ ಮೇಲೆ ಗುಡ್ಡ, ಮನೆ, ಬೇಲಿ ಜೋಡಿಸಿ, ಎರಡು ಸೈನ್ಯ ಎದುರುಬದುರು ನಿಲ್ಲಿಸುತ್ತಾರೆ. ಟೇಪು ಹಿಡಿದು ಅಳೆದು ಗೊಂಬೆ ಮುಂದಕ್ಕೆ ಸರಿಸುತ್ತಾರೆ. ಏಟು ಬಿತ್ತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಹೆಚ್ಚಿನ ಗೊಂಬೆಗಳು 28 ಮಿಲಿಮೀಟರ್ ಅಳತೆಯವು, ಒಂದು ಅಂಗುಲಕ್ಕಿಂತ ತುಸು ಹೆಚ್ಚು.

ಇಲ್ಲಿನವರು ಗೊಂಬೆಯ ಚೆಂದ ಅಳೆಯುವ ರೀತಿಯ ಬಗ್ಗೆಯೇ ನನ್ನ ತಕರಾರು. ಒಂದನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿಯುತ್ತಾರೆ. ಗುಂಡಿ ಎಷ್ಟಿದೆ, ಕಣ್ಣುಗುಡ್ಡೆ ಬಿಡಿಸಿದ್ದಾರಾ, ಬಟ್ಟೆಯ ನೆರಿಗೆ ಹೇಗಿದೆ ಅಂತ ನೋಡುತ್ತಾರೆ. 1987ರಲ್ಲಿ ಶುರುವಾದ ಗೋಲ್ಡನ್ ಡೀಮನ್ ಅನ್ನುವ, ಗೊಂಬೆಗೆ ಬಣ್ಣ ಹಚ್ಚುವ ಸ್ಪರ್ಧೆಯಲ್ಲಿ ಗೆದ್ದ ಗೊಂಬೆಗಳನ್ನು ನೋಡಿದರೆ ಉಸಿರು ಕಟ್ಟುತ್ತದೆ, ನಿಜ. ಆದರೆ ಒಂಟಿ ಗೊಂಬೆಗೆ ಸರಿಹೋಗುವ ಆ ಅಳತೆಗೋಲು ಸೈನ್ಯಕ್ಕೆ ಸರಿಹೋಗುವುದಿಲ್ಲ. ಆಟದಲ್ಲಿ ಗೊಂಬೆ ಕಾಣುವುದು ಮೂರು ನಾಲ್ಕು ಅಡಿ ದೂರದಿಂದ, ಅದೂ ಸಾಲಿನಲ್ಲಿ.

ನವರಾತ್ರಿಯಲ್ಲಿ ಮೈಸೂರು ಕಡೆ ಗೊಂಬೆ ನೋಡಲು ಹೋದವರು ಹೀಗೆ ಮಾಡುತ್ತಾರಾ? ಮೊದಲು ಒಂದು ಹೆಜ್ಜೆ ಹಿಂದೆ ನಿಂತು ಇಡೀ ಮೆಟ್ಟಿಲು ನೋಡುತ್ತಾರೆ. ಮೇಲೆ ಪಟ್ಟದ ಗೊಂಬೆ, ಕೆಳಗೆ ದಸರಾ ಮೆರವಣಿಗೆ, ಒಂದು ಮೂಲೆಯಲ್ಲಿ ಶೆಟ್ಟಿ ಅಂಗಡಿ. ರಾಣಿಯ ಬೆನ್ನು ತಿರುಗಿಸಿ ನೋಡುವವರಿಲ್ಲ. ಆದರೆ ಮೆರವಣಿಗೆಯಲ್ಲಿ ಆನೆಯ ಮುಂದೆ ಜನ ಕಡಿಮೆಯಾದರೆ ಅಜ್ಜಿಯರಿಗೆ ತಕ್ಷಣ ಗೊತ್ತಾಗುತ್ತದೆ. ಸೈನಿಕ ಗೊಂಬೆಗಳನ್ನೂ ಹೀಗೇ ನೋಡಬೇಕು ಅನ್ನುವುದು ನನ್ನ ವಾದ.

ಹಾಗೆ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ನಿಲುವು. ಮನುಷ್ಯ ನಿಜವಾಗಿ ಭಾರ ಹೊತ್ತಿದ್ದಾನಾ, ಇಲ್ಲ ಕೋಲು ನೆಟ್ಟಂತೆ ನಿಂತಿದ್ದಾನಾ? ಇದರಲ್ಲಿ ಅವಳಿ ಸಹೋದರರಾದ ಆಲನ್ ಮತ್ತು ಮೈಕಲ್ ಪೆರ್ರಿಗೆ ಸಾಟಿಯಿಲ್ಲ. ಹಳೆಯ ಕಾಲದ ಸೈನಿಕರ ಉಡುಪು ತೊಟ್ಟು ಆ ಕಾಳಗಗಳನ್ನು ಮೈದಾನದಲ್ಲಿ ಆಡಿ ತೋರಿಸುವ ಹವ್ಯಾಸ ಅವರದು. ಭಾರ ಹೊತ್ತವನ ಭುಜ ಎತ್ತ ಬಾಗುತ್ತದೆ ಅಂತ ಅವರಿಗೆ ಮೈಯಲ್ಲೇ ಗೊತ್ತು. ವಾರ್‌ಹ್ಯಾಮರ್ ಗೊಂಬೆಗಳ ದಪ್ಪ ತಲೆ, ದೊಡ್ಡ ಕೈ ನೋಡಿ ಮೂಗು ಮುರಿಯುವವರಿದ್ದಾರೆ. ನನಗದು ತಪ್ಪು ಅನಿಸುವುದಿಲ್ಲ. ದೂರಕ್ಕೆ ಎದ್ದು ಕಾಣಲು ಅದು ಬೇಕೇ ಬೇಕು.

ಇನ್ನು ವೈವಿಧ್ಯ. ಇದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅಚ್ಚು. ಪ್ಲಾಸ್ಟಿಕ್ ಗೊಂಬೆಗೆ ಲೋಹ ಕೊರೆದು ಮಾಡಿದ ಅಚ್ಚು ಬೇಕು. ಅದಕ್ಕೆ ದುಡ್ಡು ಜಾಸ್ತಿ, ಸಾವಿರಗಟ್ಟಲೆ ಪೆಟ್ಟಿಗೆ ಮಾರಿದರೇ ಅಸಲು ಹುಟ್ಟುವುದು. ಹಾಗಾಗಿ ನೆಪೋಲಿಯನ್, ಎರಡನೇ ಮಹಾಯುದ್ಧ, ಅಮೆರಿಕದ ಅಂತರ್ಯುದ್ಧ ಮತ್ತೆ ಮತ್ತೆ ಬರುತ್ತವೆ. ಪೆಟ್ಟಿಗೆಯೊಳಗೆ ತಲೆ, ಕೈ ಬೇರೆ ಬೇರೆ ಸಿಗುತ್ತವೆ, ಮುಖ ಬದಲಿಸಬಹುದು. ಆದರೆ ಮೈ ಮಾತ್ರ ಅದೇ ನಾಲ್ಕೈದು. ಲೋಹದ ಗೊಂಬೆಗೆ ರಬ್ಬರ್ ಅಚ್ಚು ಸಾಕು. ಅಚ್ಚನ್ನು ಗಿರಗಿರ ತಿರುಗಿಸುತ್ತಾ ಕರಗಿದ ಲೋಹ ಹೊಯ್ಯುತ್ತಾರೆ. ಖರ್ಚು ಕಡಿಮೆ. ಅದಕ್ಕೇ ಯಾರೂ ಕೇಳದ ಯುದ್ಧಗಳ ಸೈನಿಕರು ಸಿಗುವುದು ಸಣ್ಣ ಎರಕದವರ ಹತ್ತಿರ. ಮನೆಯ ತ್ರೀಡಿ ಪ್ರಿಂಟರ್ ಈ ಲೆಕ್ಕವನ್ನೆಲ್ಲ ಬದಲಿಸುತ್ತಿದೆ. ಆದರೂ ಅಲ್ಲಿ ನಾನು ನೋಡುವುದೆಲ್ಲ ಬರೀ ಹಾರುವವರು, ಅರಚುವವರು. ಸುಮ್ನೆ ನಿಂತು ಕಾಯುವ ಸೈನಿಕ ಯಾಕಿಲ್ಲ? ಯುದ್ಧದಲ್ಲಿ ಅವನೇ ಅಲ್ವಾ ಜಾಸ್ತಿ?

ಟಿಪ್ಪು ಸುಲ್ತಾನನ ಮೈಸೂರು ಸೈನ್ಯ ಸಿಗುವುದೂ ಹೆಚ್ಚಾಗಿ ಇಂಥ ಲೋಹದಲ್ಲೇ. 1799ರ ಶ್ರೀರಂಗಪಟ್ಟಣ ಇಲ್ಲಿನ ಆಟಗಾರರಿಗೆ ಗೊತ್ತು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಅಲ್ಲಿದ್ದನಲ್ಲ. ಹುಲಿಪಟ್ಟೆಯ ಅಂಗಿ ತೊಟ್ಟ ಸಿಪಾಯಿಗಳು, ಕಬ್ಬಿಣದ ಕೊಳವೆಯ ರಾಕೆಟ್ ಹಿಡಿದ ದಳ. ದೂರದಿಂದ ನೋಡಲು ಇದಕ್ಕಿಂತ ಚೆಂದದ ಸಾಲು ಬೇಕಾ? ಆದರೆ ಇವರಿಗೆ ಬಣ್ಣ ಹಚ್ಚುವ ಹೆಚ್ಚಿನವರು ಕೆಂಪು ಕೋಟಿನ ಬ್ರಿಟಿಷ್ ಸೈನಿಕರ ಎದುರು ಒಂದು ಶತ್ರು ಪಡೆ ಬೇಕು ಅಂತ ಹಚ್ಚುತ್ತಾರೆ. ಯಾರಾದರೂ ಇವರನ್ನು ಪ್ಲಾಸ್ಟಿಕ್‌ನಲ್ಲಿ ತಂದರೆ ರಾಕೆಟ್ ಹೊತ್ತ ಒಂಟೆ, ಬಂಡಿ ಎಳೆಯುವ ಎತ್ತು, ಎತ್ತಿನ ಪಕ್ಕ ನಡೆಯುವ ರೈತ ಇವರನ್ನೂ ಅದೇ ಪೆಟ್ಟಿಗೆಯಲ್ಲಿ ಹಾಕಬೇಕು. ಅಮೃತಮಹಲ್ ಎತ್ತುಗಳಿಲ್ಲದೆ ಮೈಸೂರಿನ ಫಿರಂಗಿಗಳು ಒಂದು ಗಾವುದವೂ ಮುಂದೆ ಹೋಗುತ್ತಿರಲಿಲ್ಲ.